ಮೂಲೆಯ ಹಳೆಯ ಯಂತ್ರದಲ್ಲಿ ಹುಟ್ಟಿದ ಯುನಿಕ್ಸ್

ಮಕ್ಕಳೇ, ಮೊಬೈಲಿನಲ್ಲಿ ಹಾಡು ಬರುತ್ತಿರುತ್ತದೆ. ಅದೇ ಹೊತ್ತಿಗೆ ಅಮ್ಮನ ಸಂದೇಶ ಟಣ್ ಎನ್ನುತ್ತದೆ. ಅಷ್ಟರಲ್ಲಿ ಅಲಾರಾಂ ಬೇರೆ ಹೊಡೆದುಕೊಳ್ಳುತ್ತದೆ. ಮೂರೂ ಕೆಲಸ ಒಂದೇ ಪುಟ್ಟ ಡಬ್ಬಿಯೊಳಗೆ! ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ಇವನ್ನೆಲ್ಲ ನಡೆಸುವವರು ಯಾರು? ಅಜ್ಜ ಅಜ್ಜಿಯರೇ, ಈ ಪ್ರಶ್ನೆ ನಿಮಗೂ ಬಂದಿರಬಹುದು. ಮೊಮ್ಮಗಳನ್ನು ಕೇಳಿದರೆ "ಅದು ಆಂಡ್ರಾಯ್ಡ್ ಅಜ್ಜೀ" ಎಂದು ಹೇಳಿ ಆಟಕ್ಕೆ ಓಡಿರುತ್ತಾಳೆ. ಈ ವಾರ ನಾವು ಆ ಆಂಡ್ರಾಯ್ಡ್‌ನ ಮುತ್ತಜ್ಜನ ಮನೆಗೆ ಹೋಗಿ ಬರೋಣ. ಮುತ್ತಜ್ಜನ ಹೆಸರು ಯುನಿಕ್ಸ್. ಅದರ ಜೊತೆಯಲ್ಲೇ ಬೆಳೆದ ಕಂಪ್ಯೂಟರ್ ಭಾಷೆಯ ಹೆಸರು ಇನ್ನೂ ಚಿಕ್ಕದು. ಒಂದೇ ಅಕ್ಷರ: ಸಿ.

ಕಂಪ್ಯೂಟರಿಗೂ ಒಬ್ಬ ಮ್ಯಾನೇಜರ್

ನಾನು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವನು. ಹಾಗಾಗಿ ನನ್ನ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ. ಒಂದು ಶಾಖೆಯನ್ನು ನೆನೆಸಿಕೊಳ್ಳಿ. ಯಾರಿಗೆ ಮೊದಲ ಟೋಕನ್, ಯಾರ ಲೆಡ್ಜರ್ ಯಾವ ಕಪಾಟಿನಲ್ಲಿ, ಸ್ಟ್ರಾಂಗ್ ರೂಮಿನ ಬೀಗದ ಕೈ ಯಾರ ಹತ್ತಿರ, ಒಬ್ಬರ ಖಾತೆಯನ್ನು ಇನ್ನೊಬ್ಬರು ಇಣುಕದಂತೆ ಕಾಯುವುದು ಹೇಗೆ, ಇದನ್ನೆಲ್ಲ ನೋಡಿಕೊಳ್ಳುವ ಒಂದು ವ್ಯವಸ್ಥೆ ಒಳಗಡೆ ಇರುತ್ತದೆ. ಗ್ರಾಹಕರಿಗೆ ಅದು ಕಾಣುವುದಿಲ್ಲ. ಕಂಡಿತು ಎಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಕಂಪ್ಯೂಟರಿನೊಳಗೆ ಈ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್. ಹಾಡಿಗೆ ಎಷ್ಟು ಹೊತ್ತು, ಸಂದೇಶಕ್ಕೆ ಎಷ್ಟು ಜಾಗ, ಫೋಟೋ ಯಾವ ಕಪಾಟಿನಲ್ಲಿ ಎಂದು ಹಂಚುವುದು ಅದೇ.

1960ರ ದಶಕದ ಕಂಪ್ಯೂಟರ್ ಎಂದರೆ ಒಂದು ದೊಡ್ಡ ಕೋಣೆ ತುಂಬುವ ಯಂತ್ರ. ಬಹಳ ಕಡೆ ಜನ ತಮ್ಮ ಲೆಕ್ಕವನ್ನು ತೂತು ಕೊರೆದ ರಟ್ಟಿನ ಕಾರ್ಡುಗಳಲ್ಲಿ ಬರೆದು ಕಿಟಕಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಮೊದಲಿನಿಂದ. ಇದಕ್ಕೆ ಪರಿಹಾರವಾಗಿ ಬಂದ ಯೋಚನೆ ಟೈಮ್ ಶೇರಿಂಗ್, ಅಂದರೆ ಕಾಲ ಹಂಚಿಕೆ. ಒಬ್ಬನೇ ಚುರುಕಾದ ಗುಮಾಸ್ತ ಹತ್ತು ಕೌಂಟರುಗಳ ಹಿಂದೆ ಓಡಾಡುತ್ತ, ಒಬ್ಬೊಬ್ಬರಿಗೆ ಕ್ಷಣಾರ್ಧ ಕೊಡುತ್ತ ಹೋದರೆ ಪ್ರತಿಯೊಬ್ಬರಿಗೂ "ಇವನು ನನ್ನ ಕೆಲಸವನ್ನೇ ಮಾಡುತ್ತಿದ್ದಾನೆ" ಎನ್ನಿಸುತ್ತದಲ್ಲ, ಹಾಗೆ.

ಈ ಯೋಚನೆಯನ್ನು ಭಾರಿ ಪ್ರಮಾಣದಲ್ಲಿ ಮಾಡಲು ಅಮೆರಿಕದ ಮೂರು ಸಂಸ್ಥೆಗಳು ಒಂದಾದವು. ಎಂಐಟಿ ಎಂಬ ವಿಶ್ವವಿದ್ಯಾಲಯ, ಜನರಲ್ ಎಲೆಕ್ಟ್ರಿಕ್ ಕಂಪನಿ ಮತ್ತು ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಸಂಶೋಧನಾ ಕೇಂದ್ರವಾದ ಬೆಲ್ ಲ್ಯಾಬ್ಸ್. ಇವತ್ತು ಎಲ್ಲ ಯಂತ್ರಗಳಲ್ಲಿರುವ ಟ್ರಾನ್ಸಿಸ್ಟರ್ 1947ರಲ್ಲಿ ಹುಟ್ಟಿದ್ದು ಈ ಬೆಲ್ ಲ್ಯಾಬ್ಸ್‌ನಲ್ಲೇ. ಮೂವರೂ ಸೇರಿ ಕಟ್ಟಲು ಹೊರಟ ವ್ಯವಸ್ಥೆಗೆ ಮಲ್ಟಿಕ್ಸ್ ಎಂದು ಹೆಸರಿಟ್ಟರು. ಆದರೆ ಕೆಲಸ ಎಳೆಯಿತು, ಖರ್ಚು ಏರಿತು. 1969ರಲ್ಲಿ ಬೆಲ್ ಲ್ಯಾಬ್ಸ್ "ನಮಗೆ ಇನ್ನು ಸಾಕು" ಎಂದು ಹೊರಬಂದಿತು.

ಮಲ್ಟಿಕ್ಸ್ ಸೋತಿತು ಎಂದು ಮಾತ್ರ ತಿಳಿಯಬೇಡಿ. ಉಳಿದವರು ಅದನ್ನು ಪೂರ್ತಿ ಮಾಡಿದರು. ಅದನ್ನು ನಡೆಸುತ್ತಿದ್ದ ಕೊನೆಯ ಯಂತ್ರ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 2000ನೇ ಇಸವಿಯವರೆಗೂ ಓಡಿತು.

ಆಟಕ್ಕಾಗಿ ಹುಡುಕಿದ ಯಂತ್ರ

ಬೆಲ್ ಲ್ಯಾಬ್ಸ್‌ನ ನ್ಯೂಜೆರ್ಸಿಯ ಮರ್ರೆ ಹಿಲ್ ಕೇಂದ್ರದಲ್ಲಿ ಮಲ್ಟಿಕ್ಸ್ ಕೆಲಸ ಮಾಡಿ, ಅದರ ರುಚಿ ಹತ್ತಿದ ಕೆಲವರಿದ್ದರು. ಅವರಲ್ಲಿ ಇಬ್ಬರ ಹೆಸರು ನೆನಪಿಡಿ. ಕೆನ್ ಥಾಂಪ್ಸನ್, ಆಗ 26 ವರ್ಷ. ಡೆನ್ನಿಸ್ ರಿಚಿ, ಅವನಿಗಿಂತ ಒಂದೂವರೆ ವರ್ಷ ದೊಡ್ಡವನು. ತಮಗೊಂದು ಕಂಪ್ಯೂಟರ್ ಕೊಡಿಸಿ ಎಂದು ಇವರು ಮೇಲಿನವರನ್ನು ಕೇಳಿದರು. ಮಂಜೂರಾಗಲಿಲ್ಲ. ಮಲ್ಟಿಕ್ಸ್‌ನಲ್ಲಿ ಕೈ ಸುಟ್ಟುಕೊಂಡವರು ಮತ್ತೆ ಅಂಥದ್ದಕ್ಕೇ ಹಣ ಕೊಡುತ್ತಾರೆಯೇ?

ಥಾಂಪ್ಸನ್ ಆ ದಿನಗಳಲ್ಲಿ ಒಂದು ಆಟ ಬರೆದಿದ್ದ. ಹೆಸರು "ಸ್ಪೇಸ್ ಟ್ರಾವೆಲ್". ಸೂರ್ಯ, ಗ್ರಹ, ಚಂದ್ರರ ನಡುವೆ ಗಗನನೌಕೆ ನಡೆಸಿ ಎಲ್ಲಾದರೂ ಇಳಿಸುವ ಆಟ. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಯಂತ್ರದ ಬಾಡಿಗೆ ಸುಮಾರು 75 ಡಾಲರ್! ಅಂದಿನ ದರದಲ್ಲಿ ಹತ್ತಿರ ಹತ್ತಿರ 560 ರೂಪಾಯಿ. ಮುಂದೆ ಕೆಲವು ವರ್ಷ ಕಳೆದು ನಾನು ಬ್ಯಾಂಕಿಗೆ ಸೇರಿದಾಗಲೂ ನನ್ನ ತಿಂಗಳ ಸಂಬಳ ಅಷ್ಟಿರಲಿಲ್ಲ. ಇಷ್ಟು ಕೊಟ್ಟು ಆಡುವವರು ಯಾರು? ಥಾಂಪ್ಸನ್ ಅಗ್ಗದ ದಾರಿ ಹುಡುಕಿದ. ಯಾರೂ ಹೆಚ್ಚು ಬಳಸದೆ ಬಿಟ್ಟಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರ ಸಿಕ್ಕಿತು. ಇಬ್ಬರೂ ಸೇರಿ ಆಟವನ್ನು ಅದಕ್ಕೆ ಹೊಂದಿಸಿದರು. ಆ ಯಂತ್ರದ ಒಳಗುಟ್ಟೆಲ್ಲ ಕೈವಶವಾದದ್ದು ಹೀಗೆ, ಆಟದ ನೆಪದಲ್ಲಿ.

1969ರ ಆ ಬೇಸಗೆ ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಜುಲೈ 19ರಂದು ನಮ್ಮಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನಮ್ಮ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಮಾರನೆಯ ದಿನ ಮನುಷ್ಯ ಚಂದ್ರನ ಮೇಲಿಳಿದ. ಅದೇ ಬೇಸಗೆಯಲ್ಲಿ ಥಾಂಪ್ಸನ್‌ನ ಹೆಂಡತಿ ಪುಟ್ಟ ಮಗುವನ್ನು ಕರೆದುಕೊಂಡು ಒಂದು ತಿಂಗಳ ಮಟ್ಟಿಗೆ ಕ್ಯಾಲಿಫೋರ್ನಿಯಾಕ್ಕೆ, ಅತ್ತೆ ಮಾವನ ಮನೆಗೆ ಹೋದರು. ಮನೆಯಲ್ಲಿ ಒಬ್ಬನೇ ಉಳಿದ ಥಾಂಪ್ಸನ್ ತಿಂಗಳನ್ನು ನಾಲ್ಕು ಪಾಲು ಮಾಡಿದ. ಒಂದು ವಾರ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ. ಒಂದು ವಾರ ನಾವು ಕೊಟ್ಟ ಆಜ್ಞೆಯನ್ನು ಓದಿ ಕೆಲಸಕ್ಕೆ ಹಚ್ಚುವ ಭಾಗಕ್ಕೆ. ಒಂದು ವಾರ ಬರೆಯುವ ತಿದ್ದುವ ಸಾಧನಕ್ಕೆ. ಒಂದು ವಾರ ಪ್ರೋಗ್ರಾಮನ್ನು ಯಂತ್ರದ ಅಂಕಿಗಳಿಗೆ ಇಳಿಸುವ ಅಸೆಂಬ್ಲರ್‌ಗೆ. ತಿಂಗಳು ಮುಗಿಯುವಾಗ ಯಂತ್ರ ತನ್ನ ಕಾಲ ಮೇಲೆ ತಾನು ನಿಲ್ಲುವ ಹಾಗಾಗಿತ್ತು.

ಆ ಯಂತ್ರದ ಜ್ಞಾಪಕಶಕ್ತಿ ಎಷ್ಟು ಗೊತ್ತೇ? ಇವತ್ತಿನ ಲೆಕ್ಕದಲ್ಲಿ ಸುಮಾರು 18 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಫೋಟೋ 3 ಮೆಗಾಬೈಟ್ ಇದ್ದರೆ, ಅದು ಇದರ ನೂರೈವತ್ತು ಪಟ್ಟಿಗಿಂತ ಹೆಚ್ಚು. ಜಾಗ ಕಡಿಮೆ ಇದ್ದುದರಿಂದ ಬೇಡದ್ದನ್ನೆಲ್ಲ ಬಿಡಲೇಬೇಕಾಯಿತು. ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರದಂಥ ಸಲಕರಣೆಯಲ್ಲಿ ಗಟ್ಟಿ ಕೀಲಿಗಳನ್ನು ಒತ್ತಿ ಬರೆಯಬೇಕಿತ್ತು, ಸೆಕೆಂಡಿಗೆ ಹತ್ತೇ ಅಕ್ಷರ ಅಚ್ಚಾಗುತ್ತಿತ್ತು. ಹಾಗಾಗಿ ಆಜ್ಞೆಗಳೂ ಮೊಟಕಾದವು. ಕಾಪಿ ಮಾಡು ಎನ್ನಲು "ಸಿಪಿ". ಪಟ್ಟಿ ತೋರಿಸು ಎನ್ನಲು "ಎಲ್ಎಸ್". ಹೊಸ ಫೈಲು ಸೃಷ್ಟಿಸುವ "ಕ್ರಿಯೇಟ್" ಎಂಬ ಆದೇಶಕ್ಕಂತೂ ಥಾಂಪ್ಸನ್ ಇಂಗ್ಲಿಷಿನ ಕೊನೆಯ "ಇ" ಅಕ್ಷರವನ್ನೇ ಕತ್ತರಿಸಿಬಿಟ್ಟ. ಯುನಿಕ್ಸನ್ನು ಮತ್ತೆ ಬರೆಯುವುದಾದರೆ ಏನು ಬದಲಾಯಿಸುವಿರಿ ಎಂದು ಬಹಳ ವರ್ಷಗಳ ಮೇಲೆ ಯಾರೋ ಕೇಳಿದಾಗ, ಆ "ಇ"ಯನ್ನು ಸೇರಿಸುತ್ತೇನೆ ಎಂದನಂತೆ!

ಹೆಸರು ಬಂದದ್ದು 1970ರಲ್ಲಿ. ಸಹೋದ್ಯೋಗಿ ಬ್ರಯನ್ ಕರ್ನಿಗನ್ ತಮಾಷೆಗೆ ಸೂಚಿಸಿದ್ದು. "ಮಲ್ಟಿ" ಎಂದರೆ ಬಹಳ, "ಯುನಿ" ಎಂದರೆ ಒಂದು. ಮಲ್ಟಿಕ್ಸ್ ಎಲ್ಲವನ್ನೂ ಮಾಡಲು ಹೊರಟಿತ್ತು, ಇದು ಒಂದನ್ನು ಮಾಡಿದರೆ ಸಾಕು ಎಂದು ಯುನಿಕ್ಸ್.

ಕುದುರೆಯ ನಡೆ, ಮೂವರು ಟೈಪಿಸ್ಟರು

ಹಳೆಯ ಯಂತ್ರ ಎಷ್ಟು ದಿನ ಬಂದೀತು? ಹೊಸದು ಬೇಕು, ಆದರೆ ಆಪರೇಟಿಂಗ್ ಸಿಸ್ಟಮ್ ಮಾಡುತ್ತೇವೆ ಎಂದರೆ ಹಣ ಹುಟ್ಟದು. ಈ ಸಲ ಅವರ ಗುಂಪು ಬೇರೆ ರೀತಿಯಲ್ಲಿ ಕೇಳಿತು. ಕಂಪನಿಯ ಪೇಟೆಂಟ್ ವಿಭಾಗದವರು ದಿನವಿಡೀ ಅರ್ಜಿಗಳನ್ನು ಟೈಪು ಮಾಡಿ, ತಿದ್ದಿ, ಮತ್ತೆ ಟೈಪು ಮಾಡುತ್ತಿದ್ದರು. ಅವರಿಗೆ ಬರವಣಿಗೆ ಸಿದ್ಧಪಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದರು. ಒಂದು ವಿಭಾಗದ ನಿಜವಾದ ಕಷ್ಟ ನೀಗುವ ಕೆಲಸ ನೋಡಿ. ಮಂಜೂರಾತಿ ಬಂತು.

1970ರ ಬೇಸಗೆಯಲ್ಲಿ ಪಿಡಿಪಿ-11 ಎಂಬ ಹೊಸ ಯಂತ್ರ ಬಂತು, ಆದರೆ ಅದರ ಡಿಸ್ಕ್ ಬರಲಿಲ್ಲ. ಡಿಸೆಂಬರ್ ತನಕ ಕಾಯಬೇಕಾಯಿತು. ಡಿಸ್ಕ್ ಇಲ್ಲದ ಯಂತ್ರ ಎಂದರೆ ಕಪಾಟಿಲ್ಲದ ಕಚೇರಿ. ಸುಮ್ಮನಿರಿಸುವುದೇಕೆ ಎಂದು ಅದಕ್ಕೊಂದು ಲೆಕ್ಕ ಕೊಟ್ಟರು. ಉದ್ದಕ್ಕೆ 8, ಅಗಲಕ್ಕೆ 6 ಮನೆಗಳ ಚದುರಂಗದ ಹಾಸಿನಲ್ಲಿ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ, ಹೊರಟಲ್ಲಿಗೇ ಮರಳುವ ದಾರಿಗಳು ಒಟ್ಟು ಎಷ್ಟು? ಮೂರು ತಿಂಗಳು ಯಂತ್ರ ಅದನ್ನೇ ಎಣಿಸುತ್ತ ಕೂತಿತ್ತು. ಕುದುರೆಯ ಈ ಯಾತ್ರೆ ನಮಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲೇ ಇಂಥ ನಡೆಗಳನ್ನು ರಚಿಸಿದ್ದರು, ಕಂಪ್ಯೂಟರಿನ ಹಂಗಿಲ್ಲದೆ.

ಡಿಸ್ಕ್ ಬಂದ ಮೇಲೆ 1971ರ ಮೊದಲ ಭಾಗದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ಯುನಿಕ್ಸ್ ಮೇಲೆ ಅರ್ಜಿಗಳನ್ನು ಬರೆಯತೊಡಗಿದರು. ಯಂತ್ರದ ನೆನಪು 24 ಕಿಲೋಬೈಟ್, ಡಿಸ್ಕ್ ಅರ್ಧ ಮೆಗಾಬೈಟ್. ಆಗಲೇ ಹೇಳಿದ ನಿಮ್ಮ ಫೋಟೋ ಆ ಡಿಸ್ಕಿನಲ್ಲಿ ಹಿಡಿಸುವುದೇ ಇಲ್ಲ. ಅಷ್ಟರಲ್ಲೇ ಮೂವರು ಟೈಪಿಸ್ಟರ ಕಚೇರಿ ಕೆಲಸವೂ ಥಾಂಪ್ಸನ್, ರಿಚಿಯ ಪ್ರಯೋಗಗಳೂ ನಡೆದವು. ಅದೇ ವರ್ಷ ನವೆಂಬರ್ 3ರ ತಾರೀಕು ಹೊತ್ತು ಯುನಿಕ್ಸ್‌ನ ಮೊದಲ ಕೈಪಿಡಿ ಬಂತು.

ಬಿ ಆದ ಮೇಲೆ ಸಿ

ಇಲ್ಲಿ ಒಂದು ತೊಡಕನ್ನು ಅರ್ಥ ಮಾಡಿಕೊಳ್ಳಬೇಕು. ಆಗಿನ ಯುನಿಕ್ಸ್ ಅಸೆಂಬ್ಲಿ ಎಂಬ ಭಾಷೆಯಲ್ಲಿತ್ತು. ಅಸೆಂಬ್ಲಿ ಎಂದರೆ ಯಂತ್ರದ ಸ್ವಂತ ಆಡುಮಾತು. ಊರಿಗೊಂದು ಮಾತಿದ್ದಂತೆ ಯಂತ್ರಕ್ಕೊಂದು ಅಸೆಂಬ್ಲಿ. ಪಿಡಿಪಿ-7ರ ಮಾತು ಪಿಡಿಪಿ-11ಕ್ಕೆ ತಿಳಿಯದು. ಹಾಗಾಗಿ ಹೊಸ ಯಂತ್ರಕ್ಕೆ ಹೋದಾಗ ಯುನಿಕ್ಸನ್ನು ಮತ್ತೆ ಬರೆಯಬೇಕಾಯಿತು. ಮುಂದೆ ಇನ್ನೊಂದು ಯಂತ್ರ ಬಂದರೆ? ಮತ್ತೆ ಮೊದಲಿನಿಂದ. ಯಂತ್ರ ಗುಜರಿಗೆ ಹೋದರೆ ಅದರೊಂದಿಗೆ ವಿದ್ಯೆಯೂ ಗುಜರಿಗೆ.

ಯಾವ ಯಂತ್ರಕ್ಕೂ ಅಂಟಿಕೊಳ್ಳದ ಭಾಷೆಯೊಂದು ಇದ್ದರೆ, ಅದರಲ್ಲಿ ಒಮ್ಮೆ ಬರೆದು, ಪ್ರತಿ ಯಂತ್ರಕ್ಕೂ ಒಬ್ಬ ದುಭಾಷಿಯನ್ನು ಇಟ್ಟರೆ ಸಾಕಲ್ಲವೇ? ಈ ದುಭಾಷಿ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ಎಂಬವರು ಬಿಸಿಪಿಎಲ್ ಎಂಬ ಭಾಷೆ ಮಾಡಿದ್ದರು. ಥಾಂಪ್ಸನ್ ಅದನ್ನು ಸಣ್ಣ ಯಂತ್ರಕ್ಕೆ ಹಿಡಿಸುವಷ್ಟು ಮೊಟಕುಗೊಳಿಸಿ "ಬಿ" ಎಂದು ಕರೆದ.

ಬಿ ಭಾಷೆಗೆ ಒಂದು ಕೊರತೆಯಿತ್ತು. ಅಜ್ಜಿಯರೇ, ಅಡುಗೆಮನೆಯಲ್ಲಿ ಎಲ್ಲ ಡಬ್ಬಿಗಳೂ ಒಂದೇ ಅಳತೆಯವು ಎಂದುಕೊಳ್ಳಿ. ಅಕ್ಕಿಗೂ ಅದೇ, ಸಾಸಿವೆಗೂ ಅದೇ. ಮೇಲೆ ಚೀಟಿಯೂ ಇಲ್ಲ. ಪಿಡಿಪಿ-7ರಲ್ಲಿ ಇದು ನಡೆಯುತ್ತಿತ್ತು, ಅಲ್ಲಿ ಇದ್ದದ್ದೇ ಒಂದಳತೆಯ ಡಬ್ಬಿ. ಪಿಡಿಪಿ-11 ಹಾಗಲ್ಲ. ಒಂದು ಅಕ್ಷರ ಇಡಲು ಚಿಕ್ಕ ಡಬ್ಬಿ, ಒಂದು ಸಂಖ್ಯೆ ಇಡಲು ದೊಡ್ಡದು, ಎರಡಕ್ಕೂ ಅಲ್ಲಿ ಜಾಗವಿತ್ತು. 1971ರಿಂದ ಡೆನ್ನಿಸ್ ರಿಚಿ ಬಿ ಭಾಷೆಗೆ ಈ ಅಳತೆಗಳನ್ನೂ ಚೀಟಿಗಳನ್ನೂ ಸೇರಿಸುತ್ತ ಹೋದ. ಕೊನೆಗೆ ಅದು ಬೇರೆಯೇ ಭಾಷೆಯಾಯಿತು. ಬಿ ಆದ ಮೇಲೆ ಸಿ. ಅಕ್ಷರಮಾಲೆಯಲ್ಲಿ ನೋಡಿದರೂ ಸರಿ, ಬಿಸಿಪಿಎಲ್ ಎಂಬ ಹೆಸರಿನಲ್ಲಿ ನೋಡಿದರೂ ಸರಿ, ಬಿ ಪಕ್ಕದಲ್ಲಿ ಸಿಯೇ ಇದೆ!

1972ರಲ್ಲಿ ಥಾಂಪ್ಸನ್ ಯುನಿಕ್ಸ್‌ನ ತಿರುಳನ್ನು ಈ ಹೊಸ ಭಾಷೆಯಲ್ಲಿ ಬರೆಯಲು ಕೂತ. ಆಗಲಿಲ್ಲ, ಕೈಬಿಟ್ಟ. ಏನು ಸಾಲದಾಗಿತ್ತು? ಅಜ್ಜಿಯ ಒಗ್ಗರಣೆ ಡಬ್ಬಿಯನ್ನು ನೋಡಿ. ಒಂದೇ ಮುಚ್ಚಳದ ಕೆಳಗೆ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆಯ ಪುಟ್ಟ ಬಟ್ಟಲುಗಳು. ಕೈಗೆತ್ತಿಕೊಂಡರೆ ಎಲ್ಲವೂ ಒಟ್ಟಿಗೆ ಬರುತ್ತವೆ. ನಮ್ಮ ಲೆಡ್ಜರಿನ ಹಾಳೆಯೂ ಹಾಗೆಯೇ: ಹೆಸರು, ಖಾತೆ ನಂಬರು, ಬಾಕಿ, ಮೂರೂ ಒಂದೇ ಕಡೆ. ಇಂಥ ಕೂಡುಡಬ್ಬಿ ಸಿ ಭಾಷೆಯಲ್ಲಿ ಆಗ ಇರಲಿಲ್ಲ. ರಿಚಿ ಅದನ್ನು ಸೇರಿಸಿದ, "ಸ್ಟ್ರಕ್ಚರ್" ಎಂದು ಅದರ ಹೆಸರು. 1973ರ ಬೇಸಗೆಯಲ್ಲಿ ಯುನಿಕ್ಸ್‌ನ ತಿರುಳು ಸಿ ಭಾಷೆಗೆ ಬಂತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹೊಸ ಯುನಿಕ್ಸ್ ಹಳೆಯದಕ್ಕಿಂತ ಮೂರರಲ್ಲಿ ಒಂದು ಪಾಲು ದಪ್ಪವಾಯಿತು. ಒಂದೊಂದು ಬೈಟಿಗೂ ಪರದಾಡುವ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಅವರು ಒಪ್ಪಿಕೊಂಡರು, ಏಕೆಂದರೆ ಈಗ ಅದನ್ನು ಮನುಷ್ಯರು ಓದಬಹುದಿತ್ತು, ತಿದ್ದಬಹುದಿತ್ತು. ಬ್ಯಾಂಕಿನಲ್ಲಿ ಲೆಡ್ಜರಿನ ಹಾಳೆ ಮುಗಿದಾಗ ನಾವು ಅಳುತ್ತಿರಲಿಲ್ಲ. ಬಾಕಿಯನ್ನು ಹೊಸ ಪುಸ್ತಕಕ್ಕೆ ಕ್ಯಾರಿ ಫಾರ್ವರ್ಡ್ ಮಾಡುತ್ತಿದ್ದೆವು. ಪುಸ್ತಕ ಹಳೆಯದಾಗುತ್ತದೆ, ಲೆಕ್ಕ ಮುಂದೆ ಹೋಗುತ್ತದೆ. ಸಿ ಭಾಷೆ ಯುನಿಕ್ಸ್‌ಗೆ ಕೊಟ್ಟದ್ದು ಈ ಕ್ಯಾರಿ ಫಾರ್ವರ್ಡ್. 1977ರ ಹೊತ್ತಿಗೆ ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದವರು ಯುನಿಕ್ಸನ್ನು ಬೇರೊಂದು ಜಾತಿಯ ಯಂತ್ರಕ್ಕೆ ದಾಟಿಸಿದರು, ಬೆಲ್ ಲ್ಯಾಬ್ಸ್‌ನವರೂ ಅಂಥದ್ದೇ ಕೆಲಸ ಮಾಡಿದರು.

1973ರಲ್ಲೇ ಇನ್ನೊಂದು ಸೊಗಸಾದ ಸೇರ್ಪಡೆಯಾಯಿತು. ಡಗ್ ಮೆಕಿಲ್‌ರಾಯ್ ಎಂಬ ಹಿರಿಯ ಸಹೋದ್ಯೋಗಿ 1964ರಿಂದಲೇ ಒಂದು ಮಾತು ಹೇಳುತ್ತಿದ್ದರು. ತೋಟಕ್ಕೆ ನೀರು ಬಿಡುವಾಗ ಒಂದು ಪೈಪಿಗೆ ಇನ್ನೊಂದನ್ನು ಜೋಡಿಸುತ್ತೇವಲ್ಲ, ಪ್ರೋಗ್ರಾಮುಗಳನ್ನೂ ಹಾಗೆ ಜೋಡಿಸುವಂತಿರಬೇಕು ಎಂದು. ಕೊನೆಗೆ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಮಾಡಿದ. ಒಂದು ಪ್ರೋಗ್ರಾಮ್ ಹೆಸರುಗಳನ್ನು ಹುಡುಕುತ್ತದೆ, ಮುಂದಿನದು ಅಕಾರಾದಿಯಲ್ಲಿ ಜೋಡಿಸುತ್ತದೆ, ಅದರ ಮುಂದಿನದು ಎಣಿಸುತ್ತದೆ. ಚೆಕ್ಕು ಕೌಂಟರಿನ ಗುಮಾಸ್ತನಿಂದ ಮೇಲಧಿಕಾರಿಗೆ, ಅಲ್ಲಿಂದ ಕ್ಯಾಷಿಯರಿಗೆ ಹೋಗುತ್ತಿದ್ದ ಹಾಗೆ. ಪ್ರತಿಯೊಬ್ಬನಿಗೂ ಒಂದೇ ಕೆಲಸ, ಅದನ್ನು ಸರಿಯಾಗಿ ಮಾಡಿ ಮುಂದಕ್ಕೆ ದಾಟಿಸಬೇಕು.

ತೆರೆದ ಪುಸ್ತಕ, ಮುಚ್ಚಿದ ಪುಸ್ತಕ

1974ರ ಜುಲೈನಲ್ಲಿ ಇಬ್ಬರೂ ಬರೆದ ಪ್ರಬಂಧವೊಂದು ಅಚ್ಚಾಯಿತು. ನಮಗೂ ಒಂದು ಪ್ರತಿ ಕೊಡಿ ಎಂದು ವಿಶ್ವವಿದ್ಯಾಲಯಗಳು ಕೇಳತೊಡಗಿದವು. ಎಟಿ ಅಂಡ್ ಟಿ ಕಂಪನಿಗೆ ಒಂದು ಕಟ್ಟುಪಾಡಿತ್ತು. ಸರಕಾರದೊಡನೆ 1956ರಲ್ಲಿ ಆದ ಒಪ್ಪಂದದ ಪ್ರಕಾರ ಅದು ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯುನಿಕ್ಸನ್ನು ಅಂಗಡಿ ಸರಕಿನಂತೆ ಮಾರಲಿಲ್ಲ. ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳಿಗೆ ಕೊಟ್ಟಿತು, ಮೂಲ ಬರವಣಿಗೆಯ ಸಮೇತ. ಅಂದರೆ ಬರೀ ತಿಂಡಿಯನ್ನಲ್ಲ, ಮಾಡುವ ವಿಧಾನವನ್ನೂ. ಹುಡುಗರು ಅದನ್ನು ಸಾಲು ಸಾಲಾಗಿ ಓದಿದರು, ತಪ್ಪು ಕಂಡಲ್ಲಿ ತಿದ್ದಿದರು, ತಿದ್ದಿದ್ದನ್ನು ಬೇರೆಯವರಿಗೆ ಕಳಿಸಿದರು. ಬರ್ಕ್ಲಿ ವಿಶ್ವವಿದ್ಯಾಲಯದವರು ತಮ್ಮದೇ ಒಂದು ಯುನಿಕ್ಸ್ ವಂಶವನ್ನು ಬೆಳೆಸಿದರು. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಸಿ ಭಾಷೆಗೆ ಒಂದು ತೆಳ್ಳನೆಯ ಪುಸ್ತಕ ಬರೆದರು. ಕಂಪ್ಯೂಟರಿನಿಂದ ಲೋಕಕ್ಕೆ ನಮಸ್ಕಾರ ಹೇಳಿಸುವುದೇ ಅದರ ಮೊದಲ ಪಾಠ. ಇಂದಿಗೂ ಕಂಪ್ಯೂಟರ್ ಕಲಿಯುವ ಮಕ್ಕಳು ಮೊದಲು ಬರೆಯುವುದು ಅದನ್ನೇ.

ಆಸ್ಟ್ರೇಲಿಯಾದಲ್ಲಿ ಜಾನ್ ಲಯನ್ಸ್ ಎಂಬ ಮೇಷ್ಟ್ರು ಯುನಿಕ್ಸ್‌ನ ಮೂಲ ಬರವಣಿಗೆಗೆ ತಮ್ಮ ವಿದ್ಯಾರ್ಥಿಗಳಿಗಾಗಿ ಒಂದು ವ್ಯಾಖ್ಯಾನ ಬರೆದರು. ಆದರೆ 1979ರಲ್ಲಿ ಬಂದ ಏಳನೆಯ ಆವೃತ್ತಿಯ ಕರಾರಿನಲ್ಲಿ ಕಂಪನಿ ಬಾಗಿಲು ಎಳೆದುಕೊಂಡಿತು. ಮೂಲ ಬರವಣಿಗೆಯನ್ನು ತರಗತಿಯಲ್ಲಿ ಪಾಠ ಮಾಡುವ ಹಾಗಿಲ್ಲ ಎಂದಿತು. ಲಯನ್ಸ್ ಮೇಷ್ಟ್ರ ಪುಸ್ತಕ ಜೆರಾಕ್ಸ್ ಆಗಿ, ಜೆರಾಕ್ಸಿನ ಜೆರಾಕ್ಸ್ ಆಗಿ ಕೈಯಿಂದ ಕೈಗೆ ದಾಟಿತು. ಅದು ಎಲ್ಲರೂ ಕೊಳ್ಳುವಂತೆ ಅಚ್ಚಾದದ್ದು 1996ರಲ್ಲಿ.

ಇಲ್ಲಿ ಕಥೆ ನಿಂತುಹೋಗಬಹುದಿತ್ತು. ನಿಲ್ಲಲಿಲ್ಲ. ನೆದರ್ಲೆಂಡಿನ ಪ್ರಾಧ್ಯಾಪಕ ಆಂಡ್ರೂ ಟಾನೆನ್‌ಬಾಮ್, ಪಾಠ ಮಾಡಲು ಯುನಿಕ್ಸ್ ಇಲ್ಲವಾದರೆ ಅದರಂತೆಯೇ ನಡೆಯುವ ಪುಟ್ಟದೊಂದನ್ನು ತಾನೇ ಬರೆಯುತ್ತೇನೆ ಎಂದು 1987ರಲ್ಲಿ ಮಿನಿಕ್ಸ್ ಮಾಡಿದರು. ಅದನ್ನು ಕೊಂಡು ಓದಿದ ಫಿನ್‌ಲೆಂಡಿನ 21 ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ತನ್ನದೇ ತಿರುಳೊಂದನ್ನು ಸಿ ಭಾಷೆಯಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಅದೇ ಲಿನಕ್ಸ್. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಒಳಗಿರುವ ತಿರುಳು ಈ ಲಿನಕ್ಸೇ. ಆ್ಯಪಲ್ ಫೋನುಗಳ ಒಳಗಿನದು ಬರ್ಕ್ಲಿಯ ಕಡೆಯ ನೆಂಟಸ್ತಿಕೆ.

ನಮ್ಮ ಶಾಖೆಗೆ ಕಂಪ್ಯೂಟರ್ ಬಂದದ್ದು 1990ರ ದಶಕದಲ್ಲಿ. ಒಳಕೋಣೆಯಲ್ಲಿ ಒಂದೇ ಯಂತ್ರ, ಹೊರಗೆ ನಾಲ್ಕು ಕೌಂಟರುಗಳಲ್ಲಿ ನಾಲ್ಕು ಕಪ್ಪು ಪರದೆ. ಜೋಡಿಸಲು ಬಂದ ಹುಡುಗ "ಇದು ಯುನಿಕ್ಸ್ ಸಾರ್" ಎಂದು ಹೇಳಿ, ಎರಡೇ ಅಕ್ಷರ ಒತ್ತಿ ಫೈಲುಗಳ ಪಟ್ಟಿ ತೋರಿಸಿದ. ನಾಲ್ಕು ಜನ ಒಟ್ಟಿಗೆ ಬರೆದರೂ ಪ್ರತಿಯೊಬ್ಬರಿಗೂ ಯಂತ್ರ ತಮ್ಮೊಬ್ಬರದೇ ಎನ್ನಿಸುತ್ತಿತ್ತು. ಅರ್ಧವಾರ್ಷಿಕ ಬಡ್ಡಿ ಹಾಕಲು ರಾತ್ರಿಯಿಡೀ ಕೂರುತ್ತಿದ್ದವರಿಗೆ ಅದೊಂದು ಪವಾಡ. ಅದರ ಹಿಂದಿದ್ದವರ ಹೆಸರನ್ನು ಆಗ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

2011ರ ಅಕ್ಟೋಬರ್ ಮೊದಲ ವಾರದಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತೆಲ್ಲ ಮುಖಪುಟದಲ್ಲಿ ಶೋಕಿಸಿತು. ಅದೇ ತಿಂಗಳು, ಕೆಲವೇ ದಿನಗಳ ಅಂತರದಲ್ಲಿ, ಡೆನ್ನಿಸ್ ರಿಚಿ ಹೋದ ಸುದ್ದಿ ಬಂತು. 70 ವರ್ಷ ವಯಸ್ಸು. ಬಹುಪಾಲು ಜನರಿಗೆ ಅದು ತಿಳಿಯಲೇ ಇಲ್ಲ.

ಮಕ್ಕಳಿಗೆ ಉಳಿದ ಬಾಕಿ

ಯುನಿಕ್ಸ್ ಕಾಲವನ್ನು ಎಣಿಸುವುದು ಸೆಕೆಂಡುಗಳಲ್ಲಿ, 1970ರ ಜನವರಿ 1ರಿಂದ. ಮೊಟ್ಟಮೊದಲು ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಎಣಿಸುತ್ತಿದ್ದರು, ಆ ಡಬ್ಬಿ ಎರಡೂಕಾಲು ವರ್ಷಕ್ಕೇ ತುಂಬಿಹೋಗುವಂತಿತ್ತು. ಆಮೇಲೆ ಸೆಕೆಂಡಿಗೆ ಬದಲಾಯಿಸಿದರು. ಆ ಡಬ್ಬಿಗೂ ಮಿತಿಯಿದೆ: 214 ಕೋಟಿ 74 ಲಕ್ಷ 83 ಸಾವಿರದ 647. ಇದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಹಳೆಯ ಡಬ್ಬಿಯ ಯಂತ್ರಗಳು 1901ನೇ ಇಸವಿಗೆ ಜಾರಿಬಿಡುತ್ತವೆ! ಹೊಸ ಯಂತ್ರಗಳಲ್ಲಿ ಹೆಚ್ಚಿನವು ಈಗಾಗಲೇ ದೊಡ್ಡ ಡಬ್ಬಿಗೆ ಬದಲಾಗಿವೆ. ಮೂಲೆಮೂಲೆಯಲ್ಲಿ ಕೂತ ಹಳೆಯವನ್ನು ಹುಡುಕಿ ಬದಲಾಯಿಸಬೇಕು. ಆ ಹೊತ್ತಿಗೆ ಕೆಲಸದಲ್ಲಿರುವವರು ನೀವು, ಮಕ್ಕಳೇ. ಹಳೆಯವರ ಬರವಣಿಗೆ ಓದಲು ಸಿಗುವಂತಿದ್ದರೆ ಮಾತ್ರ ಅದು ನಿಮ್ಮಿಂದಾಗುವ ಕೆಲಸ. ಬರೆಯುವವರು ಮುಂದೆ ಬರುವವರನ್ನು ನೆನೆದು ಬಿಡಿಸಿ ಬರೆಯಬೇಕು ಎನ್ನುವುದು ಇದಕ್ಕೇ. ಅದು ಸಿ ಭಾಷೆಗೂ ಸರಿ, ನಿಮ್ಮ ಲೆಕ್ಕದ ನೋಟ್‌ಬುಕ್ಕಿಗೂ ಸರಿ.

ಕೆನ್ ಥಾಂಪ್ಸನ್ ನಮಗೆ ಕೊಟ್ಟ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಆರಂಭದ ಯುನಿಕ್ಸ್‌ಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳು ಮಾತ್ರ. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ರಾಬ್ ಪೈಕ್ ಎಂಬ ಗೆಳೆಯನ ಜೊತೆ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಒಂದು ಉಪಾಯ ಗೀಚಿದ. ಜಗತ್ತಿನ ಎಲ್ಲ ಲಿಪಿಗಳನ್ನೂ ಹಳೆಯ ವ್ಯವಸ್ಥೆ ಕೆಡದಂತೆ ಬೈಟುಗಳಲ್ಲಿ ಇಡುವ ಉಪಾಯ. ಅದರ ಹೆಸರು ಯುಟಿಎಫ್-8. ನಿಮ್ಮ ಮೊಬೈಲಿನಿಂದ ಹೊರಡುವ ಕನ್ನಡ ಸಂದೇಶ ಇವತ್ತು ಸಾಮಾನ್ಯವಾಗಿ ಇದರಲ್ಲೇ ಪ್ರಯಾಣ ಮಾಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೂ, ಕಾಗುಣಿತದ ಒಂದೊಂದು ಗುರುತಿಗೂ 3 ಬೈಟ್. "ಅಮ್ಮ" ಎಂದು ಬರೆದರೆ ಅ, ಮ, ಒತ್ತು ಕೂಡಿಸುವ ಒಂದು ಗುರುತು, ಮತ್ತೆ ಮ. ಒಟ್ಟು ನಾಲ್ಕು, ಅಂದರೆ 12 ಬೈಟ್.

ಈ ವಾರದ ಲೆಕ್ಕ ಇದೇ. ನಿಮ್ಮ ಹೆಸರಿಗೆ ಎಷ್ಟು ಬೈಟ್? ಅಜ್ಜನ ಹೆಸರಿಗೆ, ಅಜ್ಜಿಯ ಹೆಸರಿಗೆ ಎಷ್ಟು? ಮಕ್ಕಳು ಎಣಿಸಿ, ಹಿರಿಯರು ತಾಳೆ ನೋಡಿ. ಒತ್ತಕ್ಷರವಿದ್ದರೆ ಆ ಕೂಡಿಸುವ ಗುರುತನ್ನು ಎಣಿಸಲು ಮರೆಯಬೇಡಿ.